ಹದಿನೇಳು ಸಲ ‘ಹ್ಞೂಂ’

ಹಾಸ್ಟೆಲ್, ಮೂರನೇ ಮಹಡಿ
ಜೂನ್ 4

ಅತ್ತೆಯವರಿಗೆ,

ಕ್ಷೇಮಸಮಾಚಾರ ಆಮೇಲೆ. ಮೊದಲು ಕಾಗದ ಯಾಕೆ ಎನ್ನುವುದನ್ನು ಹೇಳಿಬಿಡುತ್ತೇನೆ. ನಿಮ್ಮ ನಂಬರನ್ನು ನಾನು ಬ್ಲಾಕ್ ಮಾಡಿ ನಾಲ್ಕು ವರ್ಷವಾಯಿತು. ತೆಗೆಯುವ ಉದ್ದೇಶ ಈಗಲೂ ಇಲ್ಲ. ಹಾಗಾಗಿ ಪೆನ್ನು, ಹಾಳೆ, ಅಂಚೆ.

ಯಾಕೆ ಬ್ಲಾಕ್ ಮಾಡಿದೆ ಅಂತ ನಿಮಗೆ ಗೊತ್ತಿರಲಿಕ್ಕಿಲ್ಲ. ಆ ದಿನ ನೀವು ಅಡುಗೆಮನೆಯಲ್ಲಿ ಅಪ್ಪನ ಜೊತೆ ಮಾತಾಡುತ್ತಿದ್ದಿರಿ. ನೀರು ಕುಡಿಯಲು ಬಂದವಳು ನಾನು ಬಾಗಿಲ ಹಿಂದೆಯೇ ನಿಂತುಬಿಟ್ಟೆ. “ಅಣ್ಣಾ, ಅವಳನ್ನ ಬೇರೆ ಏನಾದ್ರೂ ಓದ್ಸು. ಈ ಲೈನಿಗೆ ಮಾತ್ರ ಹಾಕ್ಬೇಡ. ಇದು ಅವಳಿಂದ ಆಗೋ ಕೆಲಸ ಅಲ್ಲ” ಅಂದಿರಿ. ನಾನು ನೀರು ಕುಡಿಯದೆ ವಾಪಸ್ ಹೋದೆ. ನಿಮ್ಮನ್ನು ನೋಡಿಕೊಂಡೇ ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲೆಲ್ಲ ಫೋನಿನ ಪರದೆಗಳನ್ನು ಗೀಚುತ್ತಿದ್ದವಳು ನಾನು. ಆ ಮಾತು ಬೇರೆ ಯಾರಾದರೂ ಆಡಿದ್ದರೆ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದೆ.

ಸೇರಿಯೇಬಿಟ್ಟೆ. ಇಂಟರ್‌ಆ್ಯಕ್ಷನ್ ಡಿಸೈನ್, ಈಗ ಕೊನೆಯ ವರ್ಷ. ಜನ ಮುಟ್ಟುವ ಪರದೆ ಎಲ್ಲೇ ಇರಲಿ, ಅದರಲ್ಲಿ ಏನು ಮೊದಲು ಬರಬೇಕು, ಏನು ಆಮೇಲೆ, ಯಾವ ಗುಂಡಿ ಎಲ್ಲಿ ಎಂದು ತೀರ್ಮಾನಿಸುವ ನಿಮ್ಮದೇ ಕೆಲಸ. ಅಜ್ಜಿ ಮಾತ್ರ ಕೇಳಿದವರಿಗೆಲ್ಲ “ಅವಳೂ ಅವಳ ಅತ್ತೆ ಥರಾನೇ ಕಂಪ್ಯೂಟರ್ ರಿಪೇರಿ” ಅಂತಲೇ ಹೇಳುತ್ತಾಳೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ವಿಭಾಗದ ಮುಖ್ಯಸ್ಥರು ಒಂದು ಪುಸ್ತಿಕೆ ಮಾಡಿಸುತ್ತಿದ್ದಾರೆ. ಕೊನೆಯ ವರ್ಷದ ಪ್ರತಿಯೊಬ್ಬರೂ ಈ ಕಸುಬಿನ ಹಿರಿಯರೊಬ್ಬರಿಂದ, ಹೊಸದಾಗಿ ಕೆಲಸಕ್ಕೆ ಇಳಿಯುವವರಿಗೆ ಸಲಹೆಯ ಪತ್ರ ತರಿಸಬೇಕು. ಉಳಿದವರೆಲ್ಲ ಸಿಕ್ಕಸಿಕ್ಕವರ ಕೈಕಾಲು ಹಿಡಿಯುತ್ತಿದ್ದಾರೆ. ನನಗೆ ಮನೆಯಲ್ಲೇ ಒಬ್ಬರಿದ್ದಾರೆ, ಮಾತು ಬಿಟ್ಟವರು. ಎರಡು ಪುಟ ಸಾಕು. ಸಿಹಿಮಾತು ಬೇಡ.

ನೀವೇ ಇಟ್ಟ ಹೆಸರಿನ,
ಮೊಂಡಿ

*

ಜೂನ್ 16

ಮೊಂಡೀ,

ಬ್ಲಾಕ್ ಮಾಡಿದ್ದೀಯ ಅಂತ ನನಗೆ ಮೂರನೇ ದಿನವೇ ಗೊತ್ತಾಗಿತ್ತು. ನನ್ನ ಹೊಟ್ಟೆಪಾಡೇ ಅದು ತಾಯಿ, ಯಾವ ಗುಂಡಿ ಒತ್ತಿದರೆ ಆ ಕಡೆ ಏನು ಕಾಣುತ್ತದೆ ಅನ್ನುವುದು.

ಅಡುಗೆಮನೆಯಲ್ಲಿ ಅಂದದ್ದು ಹೌದು. ವಾಪಸ್ ತೆಗೆದುಕೊಳ್ಳುವುದಿಲ್ಲ.

ಇನ್ನು ನಿನ್ನ ಮುಖ್ಯಸ್ಥರಿಗೆ ಬೇಕಾದ ಸಲಹೆ. ಕೆಲಸ ಕೇಳುವವರು ತಾವು ಮಾಡಿದ್ದನ್ನೆಲ್ಲ ಜೋಡಿಸಿ ಕಳಿಸಿದ ಪೋರ್ಟ್‌ಫೋಲಿಯೊಗಳು ನನ್ನ ಮೇಜಿಗೆ ವಾರಕ್ಕೆ ಅರವತ್ತು ಬರುತ್ತವೆ. ಅರವತ್ತೂ ಒಂದೇ ಅಂಗಡಿಯಲ್ಲಿ ಬಟ್ಟೆ ಹೊಲಿಸಿಕೊಂಡ ಹಾಗಿರುತ್ತವೆ. ಅದೇ ಬಣ್ಣ, ಅದೇ ದುಂಡು ಮೂಲೆ, ಅದೇ ನಗುಮುಖ. ನಾನು ಹುಡುಕುವುದು ಒಂದೇ ಒಂದನ್ನು. ಇವರು ಎಲ್ಲಿ ತಪ್ಪಿದರು, ಅದು ಅವರಿಗೆ ಹೇಗೆ ಗೊತ್ತಾಯಿತು? ಅದನ್ನು ಬರೆದವರು ನೂರಕ್ಕೆ ಒಬ್ಬರೂ ಇಲ್ಲ. ನಾಲ್ಕು ಜನ ಸೇರಿ ಮಾಡಿದ್ದನ್ನು “ನಾನು ಮಾಡಿದೆ” ಅಂತ ಬರೆದವರು ಮಾತ್ರ ಬೇಕಾದಷ್ಟು. ಹಾಗೆ ಬರೆಯಬೇಡಿ. ಆ ಉಳಿದ ಮೂವರಲ್ಲಿ ಒಬ್ಬರು ಮೊದಲೇ ನಮ್ಮಲ್ಲಿ ಕೆಲಸಕ್ಕಿರುತ್ತಾರೆ.

ಸಾಫ್ಟ್‌ವೇರ್ ಯಾವುದು ಕಲಿಯಬೇಕು ಅಂತ ಎಲ್ಲ ಮಕ್ಕಳೂ ಕೇಳುತ್ತಾರೆ. ಯಾವುದಾದರೂ ಕಲಿಯಿರಿ. ನಾನು ಆರು ಕಲಿತು ಐದನ್ನು ಮರೆತಿದ್ದೇನೆ. ಅದಕ್ಕಿಂತ ಮೊದಲು ನಿಮ್ಮ ಭಾಷೆಯಲ್ಲಿ ನೆಟ್ಟಗೆ ಎರಡು ಪದ ಬರೆಯುವುದನ್ನು ಕಲಿಯಿರಿ. ಗುಂಡಿಯ ಮೇಲೆ ಏನು ಬರೆಯಬೇಕು ಅಂತ ಹೊಳೆಯದಿದ್ದರೆ, ಆ ಗುಂಡಿ ಯಾಕಿದೆ ಅಂತ ನಿಮಗೇ ಗೊತ್ತಿಲ್ಲ.

ಮಾಡಿದ್ದನ್ನು ಕಾಗದದ ಮೇಲೆ ಬರೆದು, ಸಂಬಂಧವೇ ಇಲ್ಲದ ಒಬ್ಬರ ಮುಂದಿಡಿ. ಅವರು ಬೆರಳಿಟ್ಟ ಕಡೆಗೆ ತಕ್ಕ ಹಾಗೆ ಹಾಳೆ ಬದಲಿಸುತ್ತಾ ಹೋಗಿ. ಆಗ ನೀವು ಕೈ ಕಟ್ಟಬೇಕು, ಬಾಯಿಗೆ ಬೀಗ ಹಾಕಬೇಕು. ಅವರು ತಡವರಿಸಿದರೆ ತಡವರಿಸಲಿ. ಬೈದರೆ ಬೈಯಲಿ. ಈ ಕೆಲಸದಲ್ಲಿ ಇದಕ್ಕಿಂತ ಕಷ್ಟದ್ದು ಇನ್ನೊಂದಿಲ್ಲ. ಇಪ್ಪತ್ತು ವರ್ಷ ಮಾಡಿದವರಿಗೂ ಇದು ಬರುವುದಿಲ್ಲ.

ಕೊನೆಯದು. ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲಿ ಯಾರಾದರೂ ನಿಮಗೆ “ಬೇಡ ಅನ್ನೋ ಗುಂಡಿನ ಸ್ವಲ್ಪ ಕಾಣದ ಹಾಗೆ ಇಡಿ” ಅಂತ ಹೇಳೇ ಹೇಳುತ್ತಾರೆ, ಜನ ಕಣ್ತಪ್ಪಿ ‘ಹೌದು’ ಒತ್ತಲಿ ಅಂತ. ಆ ಸಲವೇ ಆಗಲ್ಲ ಅಂದುಬಿಡಿ. ಮೊದಲ ವರ್ಷ ಹೇಳದವರಿಗೆ ಹತ್ತನೇ ವರ್ಷ ನಾಲಿಗೆ ಏಳುವುದಿಲ್ಲ.

ಎರಡು ಪುಟ ಆಯಿತು. ಅಣ್ಣನಿಗೆ ಮಂಡಿನೋವು ಹೇಗಿದೆ ಅಂತ ಒಂದು ಸಾಲು ಬರೆದಿದ್ದರೆ ನಿನ್ನ ಗಂಟೇನು ಹೋಗುತ್ತಿರಲಿಲ್ಲ.

ನಿನ್ನ
ಅತ್ತೆ

*

ಜುಲೈ 3

ಅತ್ತೆಯವರಿಗೆ,

ಅಪ್ಪನ ಮಂಡಿ ಹಾಗೇ ಇದೆ, ಮೆಟ್ಟಿಲು ಹತ್ತುವಾಗ ಮಾತ್ರ ಗೊಣಗುತ್ತಾರೆ.

ನಿಮ್ಮ ಪತ್ರ ಅಚ್ಚಿಗೆ ಹೋಯಿತು. ಮುಖ್ಯಸ್ಥರು ಓದಿ ಓದಿ ತಲೆದೂಗಿದರು. ಆದರೆ ‘ಬೇಡ ಅನ್ನೋ ಗುಂಡಿ’ ಇರುವ ಭಾಗವನ್ನು ತೆಗೆದುಹಾಕಿದ್ದಾರೆ. “ಕಂಪನಿಯವ್ರೂ ಇದನ್ನ ಓದ್ತಾರಮ್ಮ” ಅಂದರು. ನಾನು ಜಗಳವಾಡಿದೆ, ಪ್ರಯೋಜನವಾಗಲಿಲ್ಲ.

“ವಾಪಸ್ ತೆಗೆದುಕೊಳ್ಳುವುದಿಲ್ಲ.” ಆ ಸಾಲನ್ನು ಎಷ್ಟು ಸಲ ಓದಿದೆನೋ ನನಗೇ ಗೊತ್ತಿಲ್ಲ. ಸರಿ, ತೆಗೆದುಕೊಳ್ಳಬೇಡಿ. ನಾನೇ ಬಾಯಿ ಮುಚ್ಚಿಸುತ್ತೇನೆ. ಲಕೋಟೆಯಲ್ಲಿ ಪೆನ್‌ಡ್ರೈವ್ ಇದೆ, ನನ್ನ ಕೊನೆಯ ವರ್ಷದ ಪ್ರಾಜೆಕ್ಟ್.

ಕಾಲೇಜಿನ ಎದುರಿಗೇ ಸರ್ಕಾರಿ ಆಸ್ಪತ್ರೆ. ಒಳಗೆ ಕಾಲಿಟ್ಟ ಕೂಡಲೇ ಟೋಕನ್ ಯಂತ್ರ. ಪರದೆ ಮುಟ್ಟಿ, ಕಣ್ಣೋ ಕಿವಿಯೋ ಮೂಳೆಯೋ ಅಂತ ಆರಿಸಿದರೆ “ನಿಮ್ಮ ಸರದಿ 47” ಎಂದು ಅಂಗೈಯಗಲದ ಅಕ್ಷರದಲ್ಲಿ ಬರುತ್ತದೆ. ಜನ ನಂಬರು ಸಿಕ್ಕಿತು ಅಂತ ಹೋಗಿ ಬೆಂಚಿನಲ್ಲಿ ಕೂರುತ್ತಾರೆ. ಅಸಲಿಗೆ ಅದರ ಕೆಳಗೆ ‘ಖಚಿತಪಡಿಸಿ’ ಅಂತ ಇರುವೆ ಸಾಲಿನಂಥ ಗುಂಡಿಯೊಂದಿದೆ. ಅದನ್ನು ಒತ್ತಿದರೆ ಮಾತ್ರ ಚೀಟಿ ಬರುವುದು. ಇಪ್ಪತ್ತು ಸೆಕೆಂಡಿನಲ್ಲಿ ಒತ್ತದಿದ್ದರೆ ಆ ನಂಬರು ಹಿಂದೆ ನಿಂತವರ ಪಾಲು. ಯಾವ ಪುಣ್ಯಾತ್ಮ ಇದನ್ನು ಮಾಡಿದನೋ! ಜನ್ಮದಲ್ಲಿ ಒಂದು ಸಲವೂ ಕಾಯಿಲೆ ಬಿದ್ದವನಲ್ಲ, ಸಾಲಿನಲ್ಲಿ ನಿಂತವನಲ್ಲ. ಎದುರಿಗೆ ಸಿಕ್ಕಿದರೆ ಅದೇ ಬೆಂಚಿನ ಮೇಲೆ ಒಂದು ದಿನ ಕೂರಿಸುತ್ತೇನೆ.

ನಾನು ಅದನ್ನು ಪೂರ್ತಿ ಬದಲಾಯಿಸಿದ್ದೇನೆ. ಚೀಟಿ ಕೈಗೆ ಬರುವ ತನಕ ನಂಬರೇ ತೋರಿಸುವುದಿಲ್ಲ. “ಮೊದಲ ಸಲ ಬಂದಿದ್ದೀರಾ?” ಎಂಬ ಒಂದು ಪ್ರಶ್ನೆ ಸೇರಿಸಿ, ಹಳಬರಿಗೆ ದಾರಿ ಹತ್ತಿರ ಮಾಡಿದ್ದೇನೆ. ನೀವು ಹೇಳಿದ ಹಾಗೇ ಕಾಗದದಲ್ಲಿ ಮಾಡಿ, ಆಸ್ಪತ್ರೆಯ ಮೊಗಸಾಲೆಯಲ್ಲಿ ಹತ್ತು ಜನರ ಮುಂದಿಟ್ಟೆ, ಅದರ ರೆಕಾರ್ಡಿಂಗೂ ಪೆನ್‌ಡ್ರೈವ್‌ನಲ್ಲಿದೆ. ಹತ್ತಕ್ಕೆ ಹತ್ತು! ಒಬ್ಬರೂ ಬರಿಗೈಲಿ ಹೋಗಲಿಲ್ಲ. ಅಕ್ಟೋಬರ್ ಹತ್ತಕ್ಕೆ ಪ್ರದರ್ಶನ. ದೊಡ್ಡ ಕಂಪನಿಯೊಂದರ ಹಿರಿಯ ಡಿಸೈನರ್ ಈಗಾಗಲೇ ಬಂದು ನೋಡಿ, “ಇದೇ ಫಲಿತಾಂಶನ ನಮ್ಮೋರ ಮುಂದೆ ತೋರ್ಸು, ಕೆಲಸ ನಿಂದೇ” ಅಂದು ಹೋಗಿದ್ದಾರೆ.

ಇದು ನನ್ನಿಂದ ಆಗುವ ಕೆಲಸ ಅಲ್ಲವಾ? ನೋಡಿ ಹೇಳಿ.

ಮೊಂಡಿ

*

ಜುಲೈ 14

ಮೊಂಡೀ,

ರೆಕಾರ್ಡಿಂಗ್ ಪೂರ್ತಿ ನೋಡಿದೆ. ಎರಡು ಸಲ.

‘ಮೊದಲ ಸಲ ಬಂದಿದ್ದೀರಾ?’ ಹಾಳೆ ಬಂದಾಗಲೆಲ್ಲ ಎದುರಿಗಿದ್ದವರು ಬೆರಳನ್ನು ಗಾಳಿಯಲ್ಲಿಟ್ಟುಕೊಂಡು ನಿನ್ನ ಮುಖ ನೋಡುತ್ತಾರೆ. ನಿನ್ನ ತಲೆ ಆಡುತ್ತದೆ. ಕ್ಯಾಮೆರಾದಲ್ಲಿ ತಲೆ ಕಾಣದ ಕಡೆ ದನಿ ಕೇಳುತ್ತದೆ. “ಹ್ಞೂಂ.” ಅವರು ಒತ್ತುತ್ತಾರೆ. ಮುಂದಿನ ಹಾಳೆ. ಮತ್ತೆ “ಹ್ಞೂಂ.”

ಹದಿನೇಳು ಸಲ.

ಆ ಹತ್ತು ಜನ ನಿನ್ನ ಪರದೆಯನ್ನು ಬಳಸಲಿಲ್ಲ, ನಿನ್ನನ್ನು ಬಳಸಿದರು. ನೀನು ಆಸ್ಪತ್ರೆಯ ಬಾಗಿಲಲ್ಲಿ ದಿನವಿಡೀ ನಿಂತು ಹ್ಞೂಂಗುಟ್ಟುವುದಾದರೆ ಡಿಸೈನ್ ಬಹಳ ಚೆನ್ನಾಗಿದೆ.

ಆ ಯಂತ್ರ ಮಾಡಿದವರ ಬಗ್ಗೆ ಬರೆದದ್ದನ್ನೂ ಓದಿದೆ.

ಅತ್ತೆ

*

ಸೆಪ್ಟೆಂಬರ್ 9

ಅತ್ತೆಯವರಿಗೆ,

ನಿಮ್ಮ ಎಣಿಕೆ ತಪ್ಪು. ಹದಿನೇಳಲ್ಲ, ಹತ್ತೊಂಬತ್ತು. ಎರಡು ಕಡೆ ಕೆಮ್ಮಿದ ಹಾಗೆ ಮಾಡಿದ್ದೇನೆ, ಅದೂ ಹ್ಞೂಂ ಲೆಕ್ಕವೇ.

ಎರಡು ತಿಂಗಳು ಬರೆಯಲಿಲ್ಲ. ಮೊದಲ ವಾರ ನಿಮ್ಮ ಪತ್ರವನ್ನು ಹರಿದು ಕಸದ ಬುಟ್ಟಿಗೆ ಹಾಕಿದೆ. ರೂಮ್‌ಮೇಟ್ ತೆಗೆದು ಅಂಟಿಸಿಟ್ಟಳು, ಅವಳಿಗೆ ನಿಮ್ಮ ಅಕ್ಷರ ಇಷ್ಟವಂತೆ. ಎರಡನೇ ವಾರ ಹೆಡ್‌ಫೋನ್ ಹಾಕಿಕೊಂಡು ರೆಕಾರ್ಡಿಂಗ್ ಕೇಳಿದೆ. ನನ್ನ ದನಿ ನನಗೇ ಅಸಹ್ಯವಾಯಿತು. ಎಷ್ಟು ಮುದ್ದು ಮುದ್ದಾಗಿ, ಮಗುವಿಗೆ ತುತ್ತು ತಿನ್ನಿಸುವ ಹಾಗೆ ಹ್ಞೂಂ, ಹ್ಞೂಂ ಅನ್ನುತ್ತಿದ್ದೇನೆ! ಸತ್ಯವಾಗಿಯೂ ನನಗೆ ಅದು ಗೊತ್ತೇ ಇರಲಿಲ್ಲ ಅತ್ತೆ. ಪಾಪ, ತಡವರಿಸುತ್ತಿದ್ದಾರೆ ಅನಿಸಿ ಕತ್ತು ತಾನಾಗಿ ಆಡಿದೆ.

ಮತ್ತೆ ಹೋದೆ. ಬೇರೆ ಹತ್ತು ಜನ. ಈ ಸಲ ಪೆನ್ಸಿಲನ್ನು ಹಲ್ಲಲ್ಲಿ ಕಚ್ಚಿಕೊಂಡು, ಹಾಳೆ ಬದಲಿಸುವ ಕೆಲಸವನ್ನು ರೂಮ್‌ಮೇಟ್‌ಗೆ ಕೊಟ್ಟು, ಅವರ ಬೆನ್ನ ಹಿಂದೆ ಕೈ ಕಟ್ಟಿ ಕೂತೆ. ಹೊಲಿಗೆ ಕೆಲಸದ ಹೆಂಗಸೊಬ್ಬರು ‘ಮೊದಲ ಸಲ ಬಂದಿದ್ದೀರಾ?’ ಹಾಳೆಯ ಮುಂದೆ ಮೂರು ನಿಮಿಷ ನಿಂತರು. ಆಮೇಲೆ ಹಾಳೆಯನ್ನೇ ಕೇಳಿದರು, “ಕಿವಿಗೆ ಮೊದಲ ಸಲ, ಆಸ್ಪತ್ರೆಗೆ ಮೂರನೇ ಸಲ. ಯಾವ್ದು ಒತ್ಲಿ ಹೇಳು?” ಹಾಳೆ ಏನು ಹೇಳೀತು! ಅವರು ಚೀಲ ಎತ್ತಿಕೊಂಡು ಕೌಂಟರ್ ಹುಡುಕುತ್ತಾ ಹೋದರು. ನಾನು ಪೆನ್ಸಿಲ್ ಕಚ್ಚಿದ್ದೆ. ಕಣ್ಣಲ್ಲಿ ನೀರು ಬಂತು. ಪರೀಕ್ಷೆ ಮುಗಿದ ಕೂಡಲೇ ಓಡಿಹೋಗಿ ಅವರನ್ನು ಕಿವಿ ವಿಭಾಗಕ್ಕೆ ಬಿಟ್ಟು ಬಂದೆ.

ಹತ್ತಕ್ಕೆ ನಾಲ್ಕು. ಆ ಹಾಳು ಯಂತ್ರಕ್ಕಿಂತ ನನ್ನದೇನೂ ಮೇಲಲ್ಲ.

ಪ್ರದರ್ಶನದ ಪೋಸ್ಟರಿನಲ್ಲಿ ‘ಹತ್ತಕ್ಕೆ ಹತ್ತು’ ಅಂತ ಅಚ್ಚಾಗಿದೆ. ಮುಖ್ಯಸ್ಥರಿಗೆ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡು, “ಎರಡನೇ ಪರೀಕ್ಷೆ ಮಾಡು ಅಂತ ಯಾರೂ ಕೇಳಿರ್ಲಿಲ್ವಲ್ಲಮ್ಮ” ಅಂದರು. ರೂಮ್‌ಮೇಟ್ ಇನ್ನೂ ಸುಲಭದ ದಾರಿ ಹೇಳಿದಳು. “ಮೊದಲ್ನೇ ವಿಡಿಯೋನೇ ತೋರ್ಸು ಕಣೇ, ಸೌಂಡ್ ತೆಗೆದ್ಬಿಡು. ಬೇಕಿದ್ರೆ ಸಂಗೀತ ಹಾಕು.” ಕೇಳಿದಾಗ ಬೈದೆ. ಆಮೇಲೆ ಕೂತು ಸೌಂಡ್ ತೆಗೆದು ನೋಡಿದೆ ಕೂಡ. ಎಷ್ಟು ಚೆನ್ನಾಗಿ ಕಾಣುತ್ತದೆ ಗೊತ್ತಾ! ಕೆಲಸ ನನ್ನದೇ.

ನಿಮ್ಮ ಸಲಹೆ ಕೇಳುತ್ತಿಲ್ಲ. ತಿಳಿಸುತ್ತಿದ್ದೇನೆ ಅಷ್ಟೆ.

ಇನ್ನೊಂದು. ಆ ಯಂತ್ರದ ಹಿಂದೆ ಅಂಟಿಸಿದ ತಗಡಿನಲ್ಲಿ ನಿಮ್ಮ ಕಂಪನಿಯ ಹೆಸರಿದೆ, ಮೊನ್ನೆ ನೋಡಿದೆ. ಅದನ್ನು ಡಿಸೈನ್ ಮಾಡಿದ್ದು ಯಾರು ಅಂತ ವಿಚಾರಿಸಿ ಹೇಳಿ. ಅವರೂ ಪರೀಕ್ಷೆ ಮಾಡಿರಬೇಕಲ್ಲ? ಅವರಿಗೆ ಎಷ್ಟಕ್ಕೆ ಎಷ್ಟು ಬಂದಿತ್ತು ಅಂತ ತಿಳಿಯಬೇಕು.

ಮೊಂಡಿ

*

ಸೆಪ್ಟೆಂಬರ್ 21

ಮೊಂಡೀ,

ವಿಚಾರಿಸಬೇಕಿಲ್ಲ. ನಾನೇ. ಹನ್ನೆರಡಕ್ಕೆ ಹನ್ನೆರಡು ಬಂದಿತ್ತು.

ಎಂಟು ವರ್ಷದ ಹಿಂದಿನ ಮಾತು. ಹೇಗೆ ಬಂತು ಅಂತ ನಿನಗೆ ಹೇಳಬೇಕಾಗಿಲ್ಲ. ನಾನು ಹ್ಞೂಂ ಅನ್ನಲಿಲ್ಲ, ಅದಕ್ಕಿಂತ ಜಾಣತನ ಮಾಡಿದೆ. ನಂಬರು ಕಂಡ ಕೂಡಲೇ ಅವರು ಏಳಲು ಹೊರಡುತ್ತಿದ್ದರು. ನಾನು “ಆಯ್ತಾ? ಇನ್ನೇನಾದ್ರೂ ಕಾಣ್ಸುತ್ತಾ ನೋಡಿ” ಅನ್ನುತ್ತಿದ್ದೆ. ಹಾಗಂದ ಮೇಲೆ ಯಾರು ತಾನೇ ನೋಡುವುದಿಲ್ಲ! ಅದನ್ನು ನಾನು ಪ್ರಶ್ನೆ ಅಂದುಕೊಂಡಿದ್ದೆ. ಸುಳಿವು ಅಂತ ಆಗ ನನಗೂ ಹೊಳೆಯಲಿಲ್ಲ. ಇಲ್ಲಿಯವರೆಗೆ ನೀನೂ ನಾನೂ ಒಂದೇ.

ಮುಂದಿನದು ಬೇರೆ. ಯಂತ್ರಗಳನ್ನು ಕೂರಿಸಿ ಐದು ತಿಂಗಳಾದ ಮೇಲೆ ಅಜ್ಜಿಯ ಕಣ್ಣು ತೋರಿಸಲು ಆಸ್ಪತ್ರೆಗೆ ಹೋಗಿದ್ದೆ. ಬೆಂಚಿನಲ್ಲಿ ನಮ್ಮ ಪಕ್ಕ ಒಬ್ಬ ಹಿರಿಯರು ಬೆಳಿಗ್ಗೆ ಎಂಟರಿಂದ ಕೂತಿದ್ದರು. ಲಾರಿ ಡ್ರೈವರ್ ಆಗಿದ್ದರಂತೆ. ಒಂದು ಗಂಟೆ ಹೊತ್ತಿಗೆ ನಲವತ್ತೇಳು ಕೂಗಿದರು. ಅವರೂ ಎದ್ದರು, ಚೀಟಿ ಹಿಡಿದ ಹೆಂಗಸೊಬ್ಬರೂ ಎದ್ದರು. “ನಂದೂ ನಲವತ್ತೇಳೇ” ಅಂದರು ಇವರು. “ಚೀಟಿ ಎಲ್ಲಿ?” ಅಂತ ಒಳಗಿನವರು. ಅವರು ಅಂಗೈ ಬಿಚ್ಚಿ ತೋರಿಸಿದರು. ಮರೆತುಹೋದೀತು ಅಂತ ಪೆನ್ನಿನಲ್ಲಿ 47 ಅಂತ ಬರೆದುಕೊಂಡಿದ್ದರು. ಸುತ್ತಲಿದ್ದವರು ನಕ್ಕರು. ಅವರು ಆ ಕೈಯನ್ನು ಪ್ಯಾಂಟಿಗೆ ಉಜ್ಜಿಕೊಳ್ಳುತ್ತಾ ಹೊರಗೆ ಹೋದರು.

ನಾನು ಎರಡು ಹೆಜ್ಜೆ ದೂರದಲ್ಲಿದ್ದೆ ಮೊಂಡೀ. ಎದ್ದು “ತಪ್ಪು ಇವರದ್ದಲ್ಲ, ನನ್ನದು” ಅನ್ನಬಹುದಿತ್ತು. ಕೂತೇ ಇದ್ದೆ.

ಮರುದಿನ ಆಫೀಸಿನಲ್ಲಿ ಹೇಳಿದೆ. ಹನ್ನೆರಡಕ್ಕೆ ಹನ್ನೆರಡು ಅಂತ ನೀವೇ ಬರೆದುಕೊಟ್ಟಿದ್ದೀರಲ್ಲ ಅಂದರು. ನಲವತ್ತು ಆಸ್ಪತ್ರೆಯಲ್ಲಿ ಕೂರಿಸಿಯಾಗಿದೆ ಅಂದರು. ಬೇಕಿದ್ದರೆ ‘ಖಚಿತಪಡಿಸಿ ಒತ್ತಿ’ ಅಂತ ಒಂದು ಸ್ಟಿಕರ್ ಅಂಟಿಸೋಣ ಅಂದರು. ನಾನು ಸರಿ ಅಂದೆ. ಸ್ಟಿಕರಿನ ಬಣ್ಣ ಕೂಡ ನಾನೇ ಆರಿಸಿದೆ. ಮುಂದಿನ ವರ್ಷ ನನ್ನನ್ನು ಇಡೀ ವಿಭಾಗಕ್ಕೆ ಮುಖ್ಯಸ್ಥೆ ಮಾಡಿದರು.

ಅಡುಗೆಮನೆಯಲ್ಲಿ ನಾನು ಆ ಮಾತು ಆಡಿದ್ದು ಅದಕ್ಕೆ. ನಿನಗೆ ಬುದ್ಧಿ ಸಾಲದು ಅಂತಲ್ಲ. ಎಲ್ಲಿ ಬಾಯಿ ಬಿಡಬೇಕೋ ಅಲ್ಲಿ ಸುಮ್ಮನೆ ಕೂರುವುದು ಈ ಕೆಲಸದಲ್ಲಿ ಬೇಗ ಅಭ್ಯಾಸವಾಗುತ್ತದೆ. ಅದು ನಿನ್ನಿಂದ ಆಗುವುದಿಲ್ಲ. ಆಗಬಾರದು. ಅಣ್ಣನಿಗೆ ಅಷ್ಟು ಬಿಡಿಸಿ ಹೇಳುವ ಧೈರ್ಯ ನನಗಿರಲಿಲ್ಲ, ಹೇಳಿದ್ದರೆ 47ರ ಕಥೆಯನ್ನೂ ಹೇಳಬೇಕಾಗಿತ್ತು.

ಸೌಂಡ್ ತೆಗೆಯುವ ವಿಷಯದಲ್ಲಿ ನಾನು ಏನೂ ಹೇಳುವುದಿಲ್ಲ. ಹೇಳುವ ಯೋಗ್ಯತೆ ನನಗಿಲ್ಲ.

ಅತ್ತೆ

*

ಅಕ್ಟೋಬರ್ 13

ಅತ್ತೆಯವರಿಗೆ,

ನಿಮ್ಮ ಪತ್ರ ಓದಿದೆ. ಸಿಟ್ಟು ನೆತ್ತಿಗೇರಿತ್ತು. ನಾಲ್ಕು ವರ್ಷ ನಾನು ದಡ್ಡಿ ಅಂತ ನಂಬಿಕೊಂಡು ಹಲ್ಲು ಕಚ್ಚಿ ಓದಿದ್ದೇನೆ! ನಿಮಗೆ ನಿಮ್ಮ ಮೇಲಿದ್ದ ನಾಚಿಕೆಯನ್ನು ನನ್ನ ತಲೆಗೆ ಕಟ್ಟಿದಿರಿ. ಇದನ್ನು ನಾನು ಸುಲಭಕ್ಕೆ ಮರೆಯುವವಳಲ್ಲ.

ಪ್ರದರ್ಶನದ ಕಥೆ ಕೇಳಿ. ನನ್ನ ಸರದಿ ಬಂದಾಗ ಮೊದಲನೇ ವಿಡಿಯೋ ಹಾಕಿದೆ. ಸೌಂಡ್ ಪೂರ್ತಿ ಏರಿಸಿ. ಸಭಾಂಗಣದ ಸ್ಪೀಕರಿನಲ್ಲಿ ನನ್ನ “ಹ್ಞೂಂ” ಕೇಳಿ ಹಿಂದಿನ ಸಾಲಿನವರು ಕಿಸಕ್ಕೆಂದರು. ನಗಲಿ ಅಂತ ಬಿಟ್ಟೆ. ಐದನೇ ಹ್ಞೂಂಗೆ ನಗು ನಿಂತಿತು, ಏನೋ ಎಡವಟ್ಟಾಗಿದೆ ಅಂತ ಎಲ್ಲರಿಗೂ ತಿಳಿಯಿತು. ಆಮೇಲೆ ಎರಡನೇ ವಿಡಿಯೋ. ಆ ಹೊಲಿಗೆಯವರು ಮೂರು ನಿಮಿಷ ನಿಂತಿದ್ದನ್ನು ಒಂದು ಸೆಕೆಂಡೂ ಕತ್ತರಿಸದೆ ತೋರಿಸಿದೆ. ಕತ್ತಲಲ್ಲಿ ಮೂರು ನಿಮಿಷ ಎಷ್ಟು ಉದ್ದ ಅಂತ ಆವತ್ತು ಗೊತ್ತಾಯಿತು. ಮುಖ್ಯಸ್ಥರು ವಾಚು ನೋಡಿಕೊಂಡರು. “ಪೋಸ್ಟರಿನಲ್ಲಿರೋದು ಸುಳ್ಳು. ಹತ್ತಕ್ಕೆ ನಾಲ್ಕು” ಅಂದೆ.

ಕಂಪನಿಯ ಹಿರಿಯ ಡಿಸೈನರ್ ನನ್ನನ್ನು ಪಕ್ಕಕ್ಕೆ ಕರೆದರು. “ಪ್ರಾಮಾಣಿಕತೆ ಒಳ್ಳೇದೇ. ಆದ್ರೆ ನಾಳೆ ಗ್ರಾಹಕರ ಮುಂದೆ ಹೀಗೆ ನಿಂತ್ರೆ ನಮ್ಮ ಗತಿ ಏನಮ್ಮ?” ಅಂದರು. “ಗ್ರಾಹಕರ ಗ್ರಾಹಕರ ಗತಿ ಏನು ಸರ್?” ಅಂದೆ. ಅಲ್ಲಿಗೆ ಮುಗಿಯಿತು. ಕೆಲಸ ನಮ್ಮ ತರಗತಿಯ ಇನ್ನೊಬ್ಬನಿಗೆ ಹೋಯಿತು, ಬಿಸಿಲಿದ್ದರೆ ಬೆಳಗುವ ಬಾಟಲಿ ಮಾಡಿದವನಿಗೆ. ಅಪ್ಪನಿಗೆ ಫೋನಿನಲ್ಲಿ ಹೇಳಿದೆ. “ಸರಿಯಾಗಿ ಮಾಡ್ದೆ” ಅಂದರು, ಆಮೇಲೆ “ಇನ್ನೇನ್ ಮಾಡ್ತೀಯಾ?” ಅಂದರು.

ಒಂದು ವಿಷಯ ಮಾತ್ರ ನನ್ನನ್ನು ಕುಟುಕುತ್ತಿದೆ. ಪ್ರಶ್ನೆ ಕೇಳುವ ಹೊತ್ತಿನಲ್ಲಿ ಯಾರೋ ಒಬ್ಬರು, “ಆಸ್ಪತ್ರೆಯಲ್ಲಿರೋ ಯಂತ್ರ ಯಾರದ್ದು?” ಅಂದರು. ನನಗೆ ಗೊತ್ತಿತ್ತು. “ಗೊತ್ತಿಲ್ಲ” ಅಂದೆ. ಅಷ್ಟೆಲ್ಲ ಬಾಯಿ ಮಾಡಿದವಳು ಅಲ್ಲಿ ನುಂಗಿಕೊಂಡೆ. ಅಂದರೆ ಸುಮ್ಮನೆ ಕೂರುವುದು ನನ್ನಿಂದಲೂ ಆಗುತ್ತದೆ ಅತ್ತೆ. ನೀವು ನನ್ನ ಬಗ್ಗೆ ಅಂದುಕೊಂಡದ್ದು ತಪ್ಪು.

ಅದೊಂದೇ ಸಲ. ಇನ್ನು ಮೇಲೆ ಯಾರು ಕೇಳಿದರೂ ಹೇಳುತ್ತೇನೆ. ನಿಮಗೆ ಮೊದಲೇ ತಿಳಿದಿರಲಿ ಅಂತ ಬರೆದೆ.

ಮೊಂಡಿ

*

ನವೆಂಬರ್ 2

ಮೊಂಡೀ,

ನೀನು ಹೇಳುವ ಮೊದಲು ನಾನೇ ಹೇಳಿದೆ.

ಸೋಮವಾರದ ಸಭೆ. ಹದಿನಾಲ್ಕು ಜನ, ಉದ್ದನೆಯ ಮೇಜು. ಟೋಕನ್ ಯಂತ್ರವನ್ನು ಇನ್ನೂ ಅರವತ್ತು ಆಸ್ಪತ್ರೆಗಳಿಗೆ ಕೂರಿಸುವ ವಿಷಯ ಬಂತು. ಯಾರೋ ನನ್ನ ಹಳೆಯ ಹಾಳೆಯನ್ನೇ ಪರದೆಯ ಮೇಲೆ ಹಾಕಿದರು, ಹನ್ನೆರಡಕ್ಕೆ ಹನ್ನೆರಡು. ಎದ್ದು ನಿಂತು, “ಆ ಫಲಿತಾಂಶ ಸುಳ್ಳು. ಪರೀಕ್ಷೆ ಮಾಡಿದವಳು ನಾನು, ಸುಳಿವು ಕೊಟ್ಟವಳೂ ನಾನೇ” ಅಂದೆ. ನಿರ್ದೇಶಕರು ನಕ್ಕುಬಿಟ್ಟರು. “ಎಂಟು ವರ್ಷ ಓಡಿದೆ, ಯಾರೂ ದೂರು ಕೊಟ್ಟಿಲ್ಲ” ಅಂದರು. ದೂರು ಕೊಡುವವನು ಕೈ ಉಜ್ಜಿಕೊಂಡು ಮನೆಗೆ ಹೋದ ಸ್ವಾಮಿ, ಎಲ್ಲಿಂದ ಕೊಡುತ್ತಾನೆ?

ಮತ್ತೆ ಪರೀಕ್ಷೆ ಮಾಡುತ್ತೇನೆ ಅಂದೆ. ರಜೆ ಹಾಕಿ ಮಾಡಿಕೊಳ್ಳಿ, ಕಂಪನಿಯ ಹೆಸರು ಎತ್ತಬೇಡಿ ಅಂದರು. ಫಲಿತಾಂಶ ಕೆಟ್ಟದಾಗಿದ್ದರೆ ಆಸ್ಪತ್ರೆಗಳಿಗೆ ನಾನೇ ಬರೆಯುತ್ತೇನೆ ಅಂದೆ. ಹಾಗೆ ಮಾಡಿದರೆ ಮರುದಿನ ಬರುವ ಅಗತ್ಯವಿಲ್ಲ ಅಂದರು. ಅದೂ ಸರಿಯೇ.

ನಿಮ್ಮ ಕಾಲೇಜಿನ ಎದುರಿನ ಆಸ್ಪತ್ರೆಯಲ್ಲೇ, ನವೆಂಬರ್ ಹತ್ತೊಂಬತ್ತು, ಗುರುವಾರ, ಇಪ್ಪತ್ತು ಜನರನ್ನು ನೋಡುವುದು. ಮೊಗಸಾಲೆಯಲ್ಲಿ ಕೂತು ನೋಡಲು ಕೌಂಟರಿನವರನ್ನು ಕೇಳಿಕೊಂಡಿದ್ದೇನೆ. ಲೆಕ್ಕ ಬರೆದುಕೊಳ್ಳಲು ಒಬ್ಬರು ಬೇಕು. ನನ್ನ ಕೈಕೆಳಗಿನವರು ನನ್ನ ಮುಖ ನೋಡಿಕೊಂಡು ಬರೆಯುತ್ತಾರೆ. ನನ್ನ ಮುಖ ನೋಡದೆ ಬರೆಯುವವರು ನನಗೆ ಗೊತ್ತಿರುವುದು ಒಬ್ಬಳೇ. ಬಾ ಅಂತ ಹೇಳುವುದಿಲ್ಲ. ಬರುತ್ತೀಯಾ ಅಂತ ಕೇಳುತ್ತಿದ್ದೇನೆ.

ನಿನ್ನ ತಲೆಗೆ ಕಟ್ಟಿದ್ದು ನಿಜ. ತಪ್ಪಾಯಿತು.

ಅತ್ತೆ

*

ನವೆಂಬರ್ 9

ಅತ್ತೆಯವರಿಗೆ,

ಬರುತ್ತೇನೆ. ಆದರೆ ಸೊಸೆ ಅಂತಲ್ಲ, ಲೆಕ್ಕ ಬರೆಯುವವಳು ಅಂತ.

ನೀವು ಯಂತ್ರದ ಹತ್ತಿರ ಸುಳಿಯಬಾರದು. ಹೊರಗಿನ ಬೆಂಚಿನಲ್ಲಿ ಕೂತಿರಿ, ಬೆಳಿಗ್ಗೆ ಎಂಟರಿಂದ ಒಂದರವರೆಗೆ. ಯಂತ್ರ ಮಾಡಿದವರನ್ನು ಬೆಂಚಿನ ಮೇಲೆ ಕೂರಿಸುತ್ತೇನೆ ಅಂತ ಜುಲೈನಲ್ಲಿ ಬರೆದದ್ದನ್ನು ನಾನೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಎಷ್ಟು ಜನ ಚೀಟಿ ಇಲ್ಲದೆ ಬಂದು ನಿಮ್ಮ ಪಕ್ಕ ಕೂರುತ್ತಾರೋ ನೀವೇ ನೋಡುತ್ತೀರಿ. ಒಬ್ಬರನ್ನೂ ನಾನು ಕಡಿಮೆ ಬರೆಯುವುದಿಲ್ಲ, ಒಬ್ಬರನ್ನೂ ಹೆಚ್ಚು ಬರೆಯುವುದಿಲ್ಲ. ವರದಿಯಲ್ಲಿ ನಿಮ್ಮ ಕೆಲಸ ಏನಿತ್ತು ಅಂತ ಇರುತ್ತದೆ, ನನ್ನ ಹತ್ತಕ್ಕೆ ನಾಲ್ಕೂ ಇರುತ್ತದೆ.

ಒಪ್ಪಿಗೆಯಿದ್ದರೆ ಉತ್ತರ ಬರೆಯಬೇಡಿ. ನೇರ ಬನ್ನಿ.

ಮೊಂಡಿ

*

ನವೆಂಬರ್ 20

ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಗಳಿಗೆ,
ಪ್ರತಿ: ಇದೇ ಯಂತ್ರವಿರುವ ಉಳಿದ ಮೂವತ್ತೊಂಬತ್ತು ಆಸ್ಪತ್ರೆಗಳಿಗೆ, ಯಂತ್ರ ತಯಾರಿಸಿದ ಕಂಪನಿಗೆ

ಮಾನ್ಯರೇ,

ನಿನ್ನೆ ತಮ್ಮ ಆಸ್ಪತ್ರೆಯ ಮೊಗಸಾಲೆಯಲ್ಲಿ ಇಪ್ಪತ್ತು ಜನ ರೋಗಿಗಳು ಟೋಕನ್ ಯಂತ್ರ ಬಳಸುವುದನ್ನು, ಅವರಿಗೆ ಯಾವ ಸುಳಿವೂ ಕೊಡದೆ, ನೋಡಿದೆವು. ಹನ್ನೊಂದು ಜನ ಚೀಟಿಯಿಲ್ಲದೆ ಬೆಂಚಿಗೆ ಹೋಗಿ ಕೂತರು. ಹನ್ನೊಂದು ಜನರಿಗೂ ತಮಗೆ ಸರದಿ ಸಿಕ್ಕಿದೆ ಎಂಬ ನಂಬಿಕೆಯಿತ್ತು. ಯಂತ್ರದ ಮೇಲಿನ ಸ್ಟಿಕರನ್ನು ಓದಿದವರು ಒಬ್ಬರು, ಅವರು ಶಾಲೆಯಲ್ಲಿ ಪಾಠ ಹೇಳುವವರು. ನೋಡಿ ಮುಗಿದ ಕೂಡಲೇ ಆ ಹನ್ನೊಂದು ಜನರಿಗೂ ಟೋಕನ್ ಕೊಡಿಸಿದ್ದೇವೆ.

ಎಂಟು ವರ್ಷದ ಹಿಂದೆ ‘ಹನ್ನೆರಡಕ್ಕೆ ಹನ್ನೆರಡು’ ಎಂದು ತಮಗೆ ಕೊಟ್ಟ ವರದಿ ಸುಳ್ಳು. ಅದನ್ನು ಬರೆದವಳು ಕೆಳಗೆ ಸಹಿ ಮಾಡಿದವರಲ್ಲಿ ಒಬ್ಬಳು. ಬದಲಿಗೆ ಮಾಡಿದ ಹೊಸ ವಿನ್ಯಾಸವೊಂದು ಹತ್ತಕ್ಕೆ ನಾಲ್ಕರಷ್ಟೇ ಯಶಸ್ವಿಯಾಯಿತು. ಅದನ್ನು ಮಾಡಿದವಳು ಇನ್ನೊಬ್ಬಳು. ಅಂದರೆ ಸರಿಯಾದದ್ದು ನಮ್ಮಿಬ್ಬರ ಹತ್ತಿರವೂ ಇನ್ನೂ ಇಲ್ಲ. ಮಾಡುತ್ತೇವೆ.

ಅಲ್ಲಿಯ ತನಕ ಯಂತ್ರವನ್ನು ನಿಲ್ಲಿಸಿ, ಕೌಂಟರಿನಲ್ಲಿ ಒಬ್ಬರನ್ನು ಕೂರಿಸಬೇಕು. ಅದು ಆಗುವವರೆಗೆ ಸೋಮವಾರದಿಂದ ಪ್ರತಿದಿನ ಬೆಳಿಗ್ಗೆ ಎಂಟಕ್ಕೆ ನಾವಿಬ್ಬರೂ ಯಂತ್ರದ ಪಕ್ಕ ನಿಂತು, ಬಂದವರಿಗೆಲ್ಲ ಕೆಳಗಿನ ಗುಂಡಿ ತೋರಿಸುತ್ತೇವೆ. ನಮಗೀಗ ಬೇರೆ ಕೆಲಸವಿಲ್ಲ. ಇದಕ್ಕೆ ಯಾರ ಅಪ್ಪಣೆಯನ್ನೂ ಕೇಳಿಲ್ಲ.

ಯಂತ್ರವನ್ನು ವಿನ್ಯಾಸ ಮಾಡಿದವಳು
ಅವಳ ಅಣ್ಣನ ಮಗಳು